ಎರಡು ಬೆರಳಿನಷ್ಟು ಹಾಳೆ

ಮಗು ಬದುಕಿತು ಎಂದು ಸುಮೈರಾ ಓದಿದಾಗ ನನಗೆ ಮೈಯೆಲ್ಲ ಉರಿಯಿತು.

ಮಗು ಬದುಕಿದರೆ ಯಾರಿಗಾದರೂ ಸಿಟ್ಟು ಬರುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಬಂತು. ಇವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಜಂಬಯ್ಯ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಹೇಳಲಿ. ಅವತ್ತಿನ ಸಿಟ್ಟು ಮೂಗಿನದಲ್ಲ, ಹೊಟ್ಟೆಯದು. ನಡೆದದ್ದನ್ನು ಹೇಳುತ್ತೇನೆ, ತಪ್ಪು ಯಾರದು ಎಂದು ನೀವೇ ನೋಡಿ.

ನಾನು ಓಬವ್ವ. ತವರು ಹದಡಿ, ಕೊಟ್ಟಿದ್ದು ದಾವಣಗೆರೆಗೆ. ಖಾಜಾ ಹುಸೇನ್ ಸಾಹೇಬರ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಂಕಿಯ ಮುಂದಿನ ಕೆಲಸ ಗಂಡಸರದು, ಹಿಂದಿನ ಶೆಡ್ಡಿನ ಕೆಲಸ ನಮ್ಮದು. ಹುರಿದ ಮಂಡಕ್ಕಿಯನ್ನು ತಂದು ನಮ್ಮ ಮುಂದೆ ರಾಶಿ ಸುರಿಯುತ್ತಾರೆ. ನಾವು ಸುತ್ತ ಕೂತು ಜರಡಿ ಹಿಡಿದು ಮರಳು, ಪುಡಿ, ಅರಳದ ಕಾಳು ಎಲ್ಲ ಉದುರಿಸಿ, ಚೀಲಕ್ಕೆ ತುಂಬಿ, ದಬ್ಬಣದಲ್ಲಿ ಬಾಯಿ ಹೊಲಿಯಬೇಕು. ಕೈಗೆ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ.

ಆ ಖಾಲಿ ಕಿವಿಗೆ ಸುಮೈರಾ ಬಂದಳು. ಹರಿಹರದ ಹುಡುಗಿ, ಮದುವೆಯಾಗಿ ನಮ್ಮ ಊರಿಗೆ ಬಂದವಳು, ಪಿಯುಸಿ ಓದಿದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ, ಎಡಗೈಯಲ್ಲಿ ಪುಸ್ತಕ ಹಿಡಿದು ತನ್ನಷ್ಟಕ್ಕೆ ನಗುತ್ತಾ ತಿನ್ನುತ್ತಿದ್ದಳು. ನಮ್ಮಲ್ಲಿ ಹಿರಿಯಳಾದ ನಸೀಮಕ್ಕನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಒಬ್ಬಳೇ ಏನ್ ನಗ್ತೀಯೇ? ನಮಗೂ ಹೇಳು."

ಸುಮೈರಾ ಓದಿ ಹೇಳಿದಳು. ಊಟ ಮುಗಿಯಿತು, ಓದು ಮುಗಿಯಲಿಲ್ಲ. ಒಬ್ಬ ಜಿಪುಣ ತನ್ನ ಮಗಳ ಮದುವೆಯ ಹಿಂದಿನ ದಿನ ಮನೆಗೆ ಬಂದ ನೆಂಟರನ್ನೆಲ್ಲ ತಪ್ಪು ಬಸ್ಸಿಗೆ ಹತ್ತಿಸಿದ್ದ ಕಡೆ ಅವಳು ಪುಸ್ತಕ ಮುಚ್ಚಿ ಜರಡಿ ಹಿಡಿಯಲು ಬಂದಾಗ, ನಸೀಮಕ್ಕ ಅವಳ ಕೈಯಿಂದ ಜರಡಿ ಕಿತ್ತುಕೊಂಡಳು. "ನೀನು ಓದು. ನಿನ್ನ ಚೀಲ ನಾವು ತುಂಬ್ತೀವಿ."

ಅವತ್ತಿನಿಂದ ಅದೇ ನಮ್ಮ ಶೆಡ್ಡಿನ ಕಾನೂನು. ಓದುವವಳ ಪಾಲಿನ ಚೀಲ ಕೇಳುವವರು ತುಂಬಬೇಕು. ಖಾಜಾ ಸಾಹೇಬರಿಗೆ ಚೀಲ ಮುಟ್ಟಿದರೆ ಸಾಕು. ಯಾರ ಕೈ ತುಂಬಿತು ಎಂದು ಅವರು ಕೇಳಲಿಲ್ಲ. ಚೀಲ ನೋಡಲು ಬಂದವರು ಜಿಪುಣನ ಕಥೆ ನಡೆಯುವಾಗ ಬಾಗಿಲ ಹತ್ತಿರ ಯಾಕೆ ಅಷ್ಟು ಹೊತ್ತು ನಿಲ್ಲುತ್ತಿದ್ದರು ಎಂದು ನಾವೂ ಕೇಳಲಿಲ್ಲ.

ಕಥೆ ಬೇಕಾದರೆ ಮೊಬೈಲಿನಲ್ಲಿ ಧಾರಾವಾಹಿ ನೋಡಬಹುದಲ್ಲ ಎಂದು ಜಂಬಯ್ಯ ಹೇಳುತ್ತಾನೆ. ನೋಡುತ್ತಾ ಕೂತರೆ ಮರಳು ಯಾರು ತೆಗೆಯುವುದು, ಅವನಪ್ಪನೇ? ಎಲ್ಲರ ಕಣ್ಣೂ ಬೇಡುವ ಕಥೆ ನಮಗೆ ಆಗದು. ಪುಸ್ತಕಕ್ಕೆ ಒಬ್ಬಳ ಕಣ್ಣು ಸಾಕು, ಮಿಕ್ಕವರು ಕೇಳಬಹುದು. ಅಷ್ಟೇ ಅಲ್ಲ, ಧಾರಾವಾಹಿಯ ಹೆಂಗಸು ಹೇಗಿದ್ದಾಳೆ ಎಂದು ಅವರೇ ತೋರಿಸಿಬಿಡುತ್ತಾರೆ. ಪುಸ್ತಕದ ಹೆಂಗಸಿನ ಮುಖವನ್ನು ನಾನೇ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡ ಮೇಲೆ ಅವಳು ನನ್ನವಳು.

ನಸೀಮಕ್ಕ ಮನೆಯಲ್ಲಿ ಸೊಸೆಯಂದಿರ ಮುಂದೆ ಬಾಯಿ ಬಿಡುವುದಿಲ್ಲ. ಶೆಡ್ಡಿನಲ್ಲಿ ಪುಸ್ತಕದ ಸೊಸೆಯಂದಿರಿಗೆ ಬಯ್ಯುವಾಗ ಅವಳ ಬಾಯಿ ನೋಡಬೇಕು! ಅವರು ತಿರುಗಿ ಬಯ್ಯುವುದಿಲ್ಲವಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನಿಖತ್. ಅವಳು ಯಾವ ಪುಸ್ತಕ ಬಂದರೂ ಅದರ ಹುಡುಗನ ಬೆನ್ನು ಬೀಳುತ್ತಾಳೆ, ಕಥೆ ಮುಗಿದ ದಿನ ಮಂಕಾಗುತ್ತಾಳೆ. ನಮಗೆ ಪುಸ್ತಕಗಳ ಹೆಸರು ನೆನಪಿರುತ್ತಿರಲಿಲ್ಲ. ಹಳದಿ ರಟ್ಟಿನದು, ಕೆಂಪು ರಟ್ಟಿನದು ಎನ್ನುತ್ತಿದ್ದೆವು. ಎಲ್ಲವನ್ನೂ ಸುಮೈರಾ ಹರಿಹರದ ಒಂದು ಸಣ್ಣ ವಾಚನಾಲಯದಿಂದ ತರುತ್ತಿದ್ದಳು. ಶುಕ್ರವಾರ ರಜೆ ಇದ್ದಾಗ ತವರಿಗೆ ಹೋಗಿ ಓದಿದ್ದನ್ನು ಕೊಟ್ಟು ಹೊಸದನ್ನು ತರುವುದು ಅವಳ ರೂಢಿ.

ಹಾಗೆ ಬಂದದ್ದು ನೀಲಿ ರಟ್ಟಿನ ಪುಸ್ತಕ.

ಅದರಲ್ಲಿ ಗಂಗವ್ವ ಎಂಬ ಹೆಂಗಸು. ಗಂಡ ಬಿಟ್ಟುಹೋದ ಮೇಲೆ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅವಳಿಗೊಬ್ಬಳು ಮಗಳು, ಪುಟ್ಟಿ. ಗಂಗವ್ವನ ಬಾಯಿ ಕೆಟ್ಟದು, ಯಾರಿಗೂ ಹೆದರುವುದಿಲ್ಲ. ಜೋಳದಲ್ಲಿ ಕಲ್ಲು ಬೆರೆಸಿ ತಂದ ಗೌಡನಿಗೆ ಆ ಕಲ್ಲನ್ನೇ ಪೊಟ್ಟಣ ಕಟ್ಟಿ ವಾಪಸ್ಸು ಕಳಿಸಿದ್ದಳು. ಅವಳನ್ನು ಕಂಡರೆ ನನಗೆ ಪ್ರಾಣ. "ಓಬಕ್ಕ, ನಿನ್ನ ನೋಡೇ ಬರದಂಗೈತೆ" ಎಂದು ನಿಖತ್ ರೇಗಿಸುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಇಲ್ಲಿ ನನ್ನಂಥವಳ ಮಾತನ್ನು ಯಾರೋ ಅಚ್ಚು ಹಾಕಿಸಿದ್ದಾರೆ.

ಒಂದು ಮಂಗಳವಾರ ಪುಟ್ಟಿಗೆ ಜ್ವರ ಬಂತು.

ಸುಮೈರಾಳ ದನಿ ತಗ್ಗಿತು. ಜರಡಿಗಳೂ ತಗ್ಗಿದವು. ಎಲ್ಲರೂ ನನ್ನನ್ನು ಬಿಟ್ಟು ಬೇರೆಲ್ಲ ಕಡೆ ನೋಡತೊಡಗಿದರು.

ಯಾಕೆಂದು ಹೇಳುತ್ತೇನೆ. ನನಗೂ ಒಬ್ಬಳು ಮಗಳಿದ್ದಳು, ಸುಧಾ. ಏಳನೇ ತರಗತಿಯಲ್ಲಿದ್ದಳು. ಡೆಂಗಿ ಜ್ವರ ಬಂದು ಆರು ವರ್ಷದ ಹಿಂದೆ ಹೋದಳು. ಹೋದಳು ಎನ್ನುವುದನ್ನೂ ನಾನು ಜೋರಾಗಿ ಹೇಳುವಂತಿರಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ನನ್ನ ನಾದಿನಿ ಕಾಳವ್ವ, ಸುಧಾಳ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟು ಬಂದಳು. ನಾನು ಎಲ್ಲಿ ಎಂದು ಕೇಳಿದರೆ, "ಕಣ್ಮುಂದೆ ಇದ್ರೆ ಮರೆಯಾಕ ಆಗಲ್ಲ, ನಿನ್ನ ಒಳ್ಳೇದಕ್ಕೇ" ಎಂದಳು. ಜಂಬಯ್ಯ ಫೋಟೋ ತೆಗೆದು ಟ್ರಂಕಿನ ತಳಕ್ಕೆ ಹಾಕಿದ. ಅದೂ ನನ್ನ ಒಳ್ಳೆಯದಕ್ಕೆ. ಅತ್ತರೆ ಮಗುವಿನ ಜೀವಕ್ಕೆ ನೆಮ್ಮದಿ ಇರುವುದಿಲ್ಲ ಎಂದು ಪಕ್ಕದ ಮನೆಯವರು ಬಾಯಿ ಮುಚ್ಚಿಸಿದರು. ಅವಳ ಹೆಸರು ಎತ್ತಿದರೆ ಮಾತು ತಿರುಗಿಸಿದರು. ಎಲ್ಲಾ ನನ್ನ ಒಳ್ಳೆಯದಕ್ಕೆ! ನನ್ನ ಒಳ್ಳೆಯದು ನನ್ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಆ ದಿನಗಳಲ್ಲಿ ಒಂದು ಸಂಗತಿ ನನಗೆ ತಿಳಿಯದೆ ಉಳಿದಿತ್ತು. ಮಣ್ಣು ಮಾಡಿದ ಮರುದಿನ ಬೆಳಗ್ಗೆ ಎದ್ದು ನಾನು ರೊಟ್ಟಿ ಮಾಡಿದೆ. ಒಂದೆರಡಲ್ಲ, ಹಿಟ್ಟಿನ ಡಬ್ಬಿ ತಳ ಕಾಣುವವರೆಗೂ ಮಾಡಿದೆ. ಬುಟ್ಟಿಯಲ್ಲಿ ರೊಟ್ಟಿ ಎತ್ತರಕ್ಕೆ ಬೆಳೆಯಿತು, ತಿನ್ನುವವರು ಇರಲಿಲ್ಲ. "ಎಂಥಾ ಗಟ್ಟಿ ಹೆಂಗಸು ನೋಡು, ಮಗಳನ್ನ ಕಳಿಸಿ ರೊಟ್ಟಿ ಬಡೀತಾ ಕುಂತಾಳೆ" ಎಂದು ಕಾಳವ್ವ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಗಟ್ಟಿಯೇ? ನಾನು ಯಾಕೆ ರೊಟ್ಟಿ ಮಾಡಿದೆ? ಮಗಳು ಸತ್ತ ತಾಯಿ ಮರುದಿನ ಬೆಳಗ್ಗೆ ಏನು ಮಾಡುತ್ತಾಳೆ, ಏನು ಮಾಡಬೇಕು? ಯಾರನ್ನು ಕೇಳುವುದು? ಅಂಥ ತಾಯಂದಿರು ನಮ್ಮ ಓಣಿಯಲ್ಲೂ ಇದ್ದರು. ಅವರ ಬಾಯಿಯನ್ನೂ ಯಾರೋ ಮುಚ್ಚಿಸಿಬಿಟ್ಟಿದ್ದರು.

ಆದ್ದರಿಂದ ಪುಟ್ಟಿಗೆ ಜ್ವರ ಬಂದಾಗ ನನಗೆ ಎದೆ ಹೊಡೆದುಕೊಂಡಿತು, ನಿಜ. ಆದರೆ ಓದು ನಿಲ್ಲಿಸು ಎಂದು ನನಗೆ ಅನ್ನಿಸಲಿಲ್ಲ. ಮುಂದಕ್ಕೆ ಹೋಗು ಎನ್ನಿಸಿತು. ಪುಟ್ಟಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಆ ಜ್ವರದ ನಡೆ ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ನನಗೆ ಬೇಕಾಗಿದ್ದದ್ದು ಅದರ ಆಚೆಗಿನದು. ಗಂಗವ್ವ ಮರುದಿನ ಬೆಳಗ್ಗೆ ಏನು ಮಾಡುತ್ತಾಳೆ?

ಬುಧವಾರ ಹದಡಿಯಲ್ಲಿ ನನ್ನ ತಮ್ಮನ ಹೊಸ ಮನೆಯ ಪ್ರವೇಶ. ಹೋಗದೆ ಇರುವಂತಿರಲಿಲ್ಲ. "ನಾನಿಲ್ದಾಗ ನೀಲಿ ಪುಸ್ತಕ ತೆಗೀಬ್ಯಾಡ" ಎಂದು ಸುಮೈರಾಗೆ ಹೇಳಿದೆ. "ಇಲ್ಲ ಓಬಕ್ಕ, ನಿನ್ನ ಬಿಟ್ಟು ಓದ್ತೀನಾ?" ಎಂದಳು.

ಗುರುವಾರ ಬಂದು ಕೂತೆ. ಸುಮೈರಾ ಪುಸ್ತಕ ತೆರೆದಳು. ಮೂರನೇ ದಿನಕ್ಕೆ ಜ್ವರ ಇಳಿಯಿತಂತೆ. ಪುಟ್ಟಿ ಕಣ್ಣು ಬಿಟ್ಟು ಅನ್ನ ಸಾರು ಕೇಳಿದಳಂತೆ. ಗಂಗವ್ವ ಮಗಳನ್ನು ತಬ್ಬಿಕೊಂಡಳಂತೆ. ಊರಿಗೆಲ್ಲ ಸಿಹಿ ಹಂಚಿದಳಂತೆ. ಮುಗಿಯಿತಂತೆ.

ಇಷ್ಟನ್ನೂ ಓದುವಾಗ ಅವಳ ಕೈ ಒಂದು ಹಾಳೆಯನ್ನೂ ತಿರುವಲಿಲ್ಲ. ನಾನು ಎರಡನೇ ತರಗತಿಗೆ ಶಾಲೆ ಬಿಟ್ಟವಳು, ಬಸ್ಸಿನ ಬೋರ್ಡು ಓದುತ್ತೇನೆಯೇ ಹೊರತು ಪುಸ್ತಕ ಓದಲಾರೆ. ಆದರೆ ಹಾಳೆ ತಿರುವಿದ್ದು, ತಿರುವದೆ ಇದ್ದದ್ದು ಕಾಣುವುದಕ್ಕೆ ಓದು ಬೇಕಿಲ್ಲ. ಅವಳು ಪುಸ್ತಕ ಮುಚ್ಚಿದಾಗ ಹೆಬ್ಬೆರಳು ಸಿಕ್ಕಿಸಿದ್ದ ಜಾಗದಿಂದ ಆಚೆಗೆ ಇನ್ನೂ ಎರಡು ಬೆರಳು ದಪ್ಪ ಹಾಳೆ ಇತ್ತು.

"ಇನ್ನೂ ಅಷ್ಟೊಂದು ಉಳಿದೈತಲ್ಲೇ?"

"ಅದು ಬ್ಯಾರೆ ಕಥೆ ಓಬಕ್ಕ. ಹಿಂದೆ ಸೇರ್ಸಿರ್ತಾರೆ."

ನಿಖತ್ ನೀರು ಕುಡಿಯಲು ಎದ್ದು ಹೋದಳು. ನಸೀಮಕ್ಕ ಸುಮ್ಮಸುಮ್ಮನೆ ಮೂಗು ಒರೆಸಿಕೊಂಡಳು. ಉಳಿದವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಆ ನಗು ನನಗೆ ಗೊತ್ತಿತ್ತು. ಬಟ್ಟೆ ಗಂಟು ಕಟ್ಟುವಾಗ ಕಾಳವ್ವ ನಕ್ಕಿದ್ದು ಅದೇ ನಗು. ಮೈ ಉರಿಯಿತು ಎಂದೆನಲ್ಲ, ಆಗಲೇ.

ಶುಕ್ರವಾರ ರಜೆ. ಇಡೀ ದಿನ ಪಾತ್ರೆ ಕುಕ್ಕಿದೆ. ಶನಿವಾರ ಬೆಳಗ್ಗೆ ಶೆಡ್ಡಿಗೆ ಹೋದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ನೀಲಿ ಪುಸ್ತಕ ಎಲ್ಲಿ?"

"ಕೊಟ್ಟು ಬಂದೆ ಓಬಕ್ಕ. ನಿನ್ನೆ ಹರಿಹರಕ್ಕೆ ಹೋಗಿದ್ನಲ್ಲ." ಸುಮೈರಾ ನನ್ನ ಮುಖ ನೋಡಲಿಲ್ಲ.

"ಪುಟ್ಟಿ ಬದುಕಿದ್ಲಾ?"

"ಓದಿದ್ನಲ್ಲ."

"ನಿನ್ನ ಮಗನ ಮ್ಯಾಲೆ ಆಣೆ ಮಾಡು."

ನಸೀಮಕ್ಕ ನಡುವೆ ಬಂದಳು. "ಮಗೂ ಮ್ಯಾಲೆ ಆಣೆ ಯಾಕ ಹಾಕಿಸ್ತೀ? ನಾನು ಹೇಳ್ತೀನಿ. ನೀನು ಹದಡಿಗೆ ಹೋದಾಗ ನಮಗ ತಡಿಯಾಕ ಆಗ್ಲಿಲ್ಲ, ಓದ್ಸಿದ್ವಿ. ಪುಟ್ಟಿ ಹೋಗಿಬಿಟ್ಲು. ನಾವೆಲ್ಲ ಅತ್ತು ಅತ್ತು ಸಾಕಾಯ್ತು. ಅದನ್ನ ನಿನ್ನ ಮುಂದೆ ಹೆಂಗ ಓದಾದು? ನಾವೇ ಎಲ್ಲ ಮಾತಾಡ್ಕೊಂಡು ಸುಮೈರಾಗೆ ಹಿಂಗ ಓದು ಅಂದ್ವಿ. ನಿನ್ನ ಒಳ್ಳೇದಕ್ಕೇ ಓಬವ್ವ."

ಆ ಮಾತು ಬಂತಲ್ಲ, ನನ್ನ ಕೈಯಲ್ಲಿದ್ದ ಜರಡಿ ಗೋಡೆಗೆ ಹೋಗಿ ಬಡಿಯಿತು.

"ಎಲ್ರೂ ಕುಂತು ಅತ್ರಿ! ನಾನಿಲ್ದಾಗ! ನನ್ನದನ್ನ ನೀವು ಅತ್ರಿ, ನನಗೆ ಸಿಹಿ ಹಂಚಿದ್ರಿ! ನನ್ನ ಮಗಳು ಸತ್ತಾಳೆ ಅಂತ ನನಗ ಗೊತ್ತಿಲ್ಲೇನು? ಪುಟ್ಟಿ ಬದುಕಿದ್ರೆ ಸುಧಾ ಎದ್ದು ಬರ್ತಾಳೇನು? ಇವಳ ಚೀಲ ನಾನು ತುಂಬಿಲ್ವಾ? ಬೆನ್ನು ಬಿದ್ದುಹೋಗಂಗೆ ತುಂಬೀನಿ. ಯಾತಕ್ಕೆ? ಸುಳ್ಳು ಕೇಳಾಕಾ? ಸುಳ್ಳು ಹೇಳಾಕೆ ನನ್ನ ಮನೇಲೇ ಬೇಕಾದಷ್ಟು ಜನ ಅದಾರೆ, ಅವರ ಚೀಲ ನಾನು ತುಂಬಬೇಕಾಗಿಲ್ಲ!"

ಖಾಜಾ ಸಾಹೇಬರು ಗದ್ದಲ ಕೇಳಿ ಬಾಗಿಲಿಗೆ ಬಂದರು. "ಏನ್ರಮ್ಮ ಇದು?"

"ಹರಿಹರಕ್ಕೆ ಹೋಗ್ತೀನಿ ಸಾಹೇಬ್ರೇ" ಎಂದೆ. ಅವರ ಉತ್ತರಕ್ಕೆ ಕಾಯದೆ ಹೊರಟೆ. ಮೈತುಂಬ ಮಂಡಕ್ಕಿ ಪುಡಿ, ಹಾಗೇ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಸೀರೆ ಸರಿಸಿಕೊಂಡಳು. ಸರಿಸಿಕೊಳ್ಳಲಿ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಬಯ್ಯುತ್ತಿದ್ದೆ, ಹರಿಹರ ಬಂದದ್ದೇ ತಿಳಿಯಲಿಲ್ಲ.

ಸುಮೈರಾಳ ತಾಯಿ ಹಜೀರಾಬೀ ಮನೆ ಹೊಳೆಯ ಕಡೆಗಿನ ಓಣಿಯಲ್ಲಿ. ಸುಮೈರಾಳ ತಂಗಿಯ ಮದುವೆಗೆ ಹೋಗಿದ್ದಾಗ ನೋಡಿದ್ದೆ. ಅವರು ಜಗಲಿಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಸೂಜಿ ಕೆಳಗಿಟ್ಟರು.

"ನಿಮ್ಮ ಮಗಳು ನನಗೆ ಮೋಸ ಮಾಡ್ಯಾಳೆ" ಎಂದೆ.

"ಗೊತ್ತೈತೆ. ನಿನ್ನೆ ಬಂದು ಉಂಡ್ಲಿಲ್ಲ, ಮಲಗ್ಲಿಲ್ಲ. 'ಅಮ್ಮಿ, ಓಬಕ್ಕಂಗೆ ಗೊತ್ತಾಗೈತೆ ಅನ್ನಸ್ತೈತೆ' ಅಂತ ಅದೇ ಮಾತು." ಹಜೀರಾಬೀ ಎದ್ದರು. "ಮೊದ್ಲು ಚಾ ಕುಡಿ. ಆಮ್ಯಾಲೆ ಬೈಯುವಂತಿ."

ಅವರು ಚಹಾ ಕೊಟ್ಟರು, ಬೇಡ ಎಂದು ಹೇಳುತ್ತಲೇ ಕುಡಿದೆ. ಆಮೇಲೆ ಮಗಳ ವಾಚನಾಲಯದ ಕಾರ್ಡನ್ನು ಕೈಗಿತ್ತು, "ತಗೊಂಡು ಹೋಗು. ಅವಳ ಕೈಲೇ ಓದ್ಸು. ಬಿಡಬ್ಯಾಡ" ಎಂದರು. ಅವರ ಮೇಲೆ ಮಾತ್ರ ನನಗೆ ಅವತ್ತು ಸಿಟ್ಟು ಬರಲಿಲ್ಲ.

ವಾಚನಾಲಯದಲ್ಲಿ ಫ್ಯಾನಿನ ಕೆಳಗೆ ಶ್ರೀನಿವಾಸ ಎಂಬುವರು ಕೂತಿದ್ದರು. ಪುಸ್ತಕ ಕೊಡುವವರು ಅವರೇ. ಕನ್ನಡಕ ಒರೆಸುತ್ತಾ, ಯಾವ ಪುಸ್ತಕ ಎಂದು ಕೇಳಿದರು.

"ನೀಲಿ ರಟ್ಟಿಂದು. ಗಿರಣಿ ಗಂಗವ್ವಂದು."

ವಾಪಸ್ಸು ಬಂದ ಪುಸ್ತಕಗಳ ರಾಶಿಯ ಮೇಲೇ ಅದು ಇತ್ತು. ಅದನ್ನು ಎತ್ತಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪಾಪ, ಕೆಟ್ಟ ಮನುಷ್ಯರಲ್ಲ. "ಇದ್ಯಾಕಮ್ಮ ನಿಮಗೆ? ಬರೀ ಅಳೋದೇ ಐತೆ ಇದರಾಗೆ. ಕೊನೇಗೆ ಆ ಹುಡುಗಿ ಸತ್ತು ಹೋಗ್ತಾಳೆ, ಅಷ್ಟೇ ಕಥೆ. ನಗೋ ಅಂಥ ಪುಸ್ತಕ ಒಂದು ಕೊಡ್ತೀನಿ ತಗೊಳ್ರಿ, ಮನಸ್ಸಿಗೆ ಒಳ್ಳೇದು."

ನನಗೆ ಒಂದು ಕ್ಷಣ ಸಿಟ್ಟೂ ಬರಲಿಲ್ಲ, ಆಶ್ಚರ್ಯವಾಯಿತು. ನನ್ನ ಕಿವಿಗೆ ಬೀಳಬಾರದು ಎಂದು ಇಡೀ ಶೆಡ್ಡು ಸೇರಿ ಬಚ್ಚಿಟ್ಟ ಮಾತನ್ನು ಈ ಮನುಷ್ಯ ಕನ್ನಡಕ ಒರೆಸುತ್ತಾ ಹೇಳಿಬಿಟ್ಟಿದ್ದರು. ನನಗೆ ಏನೂ ಆಗಲಿಲ್ಲ. ಕಣ್ಣೂ ತೇವವಾಗಲಿಲ್ಲ. ಸತ್ತಳು ಎಂಬ ಸುದ್ದಿ ಬೇರೆ, ಗಂಗವ್ವನ ಜೊತೆ ಒಂದೊಂದೇ ಹಾಳೆ ನಡೆದು ಅಲ್ಲಿಗೆ ಹೋಗಿ ಮುಟ್ಟುವುದು ಬೇರೆ. ಬೆಣ್ಣೆ ದೋಸೆ ಹೀಗಿರುತ್ತದೆ ಎಂದು ಯಾರಾದರೂ ಬಾಯಲ್ಲಿ ಹೇಳಿದರೆ ಹೊಟ್ಟೆ ತುಂಬುತ್ತದೆಯೇ?

ಆಮೇಲೆ ಸಿಟ್ಟು ಬಂತು, ತಡವಾಗಿ ಬಂದರೂ ಪೂರ್ತಿಯಾಗಿ ಬಂತು.

"ಅಷ್ಟೇ ಅಂದ್ರಲ್ಲ, ಅಷ್ಟೇ ಆಗಿದ್ರೆ ಆಮ್ಯಾಲಿನ ಎರಡು ಬೆರಳು ಹಾಳೆ ಯಾತಕ್ಕೆ ಬರದಾರ್ರಿ? ಕರೆಂಟು ಹೋದಾಗ ನೀವು ಗಾಳಿ ಬೀಸ್ಕಳಾಕಾ? ಹುಡುಗಿ ಸತ್ತ ಮ್ಯಾಲೆ ತಾಯಿ ಒಬ್ಬಳು ಉಳೀತಾಳಲ್ರಿ. ಅವಳು ಕಥೆ ಅಲ್ಲೇನು?"

ಓದುತ್ತಾ ಕೂತಿದ್ದವರೆಲ್ಲ ಪೇಪರು ಇಳಿಸಿ ನನ್ನನ್ನು ನೋಡಿದರು. ಶ್ರೀನಿವಾಸರು ಕಾರ್ಡಿನಲ್ಲಿ ಬರೆದುಕೊಂಡು ಪುಸ್ತಕ ಮುಂದಕ್ಕೆ ತಳ್ಳಿದರು. ನಾನು ಅದನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ. ವಾಪಸ್ಸು ಬರುವಾಗ ಒಮ್ಮೆ ತೆರೆದು ನೋಡಿದೆ. ಸಾಲು ಸಾಲು ಅಕ್ಷರ. ಅದರೊಳಗೆ ಎಲ್ಲೋ ಗಂಗವ್ವನ ಮರುದಿನ ಬೆಳಗು ಇತ್ತು, ನನ್ನ ಕೈಯಲ್ಲೇ ಇತ್ತು. ನನಗೆ ಅದು ಸಿಗುತ್ತಿರಲಿಲ್ಲ. ಶಾಲೆ ಬಿಡಿಸಿದ ನನ್ನಪ್ಪನಿಗೂ ಅವತ್ತು ಬಸ್ಸಿನಲ್ಲಿ ಬಯ್ದೆ.

ಶೆಡ್ಡಿಗೆ ಬಂದಾಗ ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಮತ್ತೆ ರಾಶಿಯ ಸುತ್ತ ಕೂತಿದ್ದರು. ಬರೀ ಜರಡಿಯ ಸದ್ದು. ಸುಮೈರಾಳೂ ಜರಡಿ ಹಿಡಿದಿದ್ದಳು. ನಾನು ಪುಸ್ತಕವನ್ನು ಅವಳ ಜರಡಿಯೊಳಕ್ಕೇ ಹಾಕಿದೆ.

"ಓದು."

"ಓಬಕ್ಕ..."

"ಜ್ವರ ಬಂದ ಕಡೆಯಿಂದ ಓದು. ಒಂದು ಅಕ್ಷರ ಬಿಟ್ರೂ ನನಗೆ ಗೊತ್ತಾಗ್ತೈತೆ."

ಗೊತ್ತಾಗುತ್ತಿರಲಿಲ್ಲ. ಅವಳು ಮಾತ್ರ ನಂಬಿದಳು. ಮುಖ ಒರೆಸಿಕೊಂಡು, ಹಾಳೆ ಹುಡುಕಿ ಓದತೊಡಗಿದಳು. ನಾನು ಅವಳ ಜರಡಿ ತೆಗೆದುಕೊಂಡೆ.

ಪುಟ್ಟಿ ನಾಲ್ಕನೇ ದಿನ ನಸುಕಿನಲ್ಲಿ ಹೋದಳು. ಸುಮೈರಾಳ ದನಿ ಅಲ್ಲಿ ಒಡೆಯಿತು, ನಿಲ್ಲಿಸಿದಳು. ನಾನು ಜರಡಿ ಆಡಿಸುತ್ತಲೇ ಇದ್ದೆ. "ಮುಂದಕ್ಕೆ" ಎಂದೆ. ಅವಳು ಹಾಳೆ ತಿರುವಿದಳು.

ಮರುದಿನ ಬೆಳಗ್ಗೆ ಗಂಗವ್ವ ಗಿರಣಿಯ ಬಾಗಿಲು ತೆಗೆದಳು. ಊರಿನವರಿಗೆ ದಿಗಿಲಾಯಿತು. ಎಂಥ ಕಲ್ಲೆದೆಯವಳು, ಮಗಳ ಮಣ್ಣು ಆರುವ ಮೊದಲೇ ಗಿರಣಿ ತೆಗೆದಿದ್ದಾಳೆ ಎಂದರು. ನನ್ನ ಕೈ ಅಲ್ಲಿ ಸ್ವಲ್ಪ ನಿಂತಿತು. ಗಂಗವ್ವ ಗಿರಣಿ ಚಾಲೂ ಮಾಡಿದಳು. ಕಾಳು ಹಾಕಲಿಲ್ಲ. ಬರಿದೇ ಓಡಿಸಿದಳು. ಬಾಗಿಲು ಹಾಕಿಕೊಂಡು, ಆ ಸದ್ದಿನ ನಡುವೆ ನಿಂತು, ಮಗಳ ಹೆಸರು ಹಿಡಿದು ಕಿರುಚಿದಳು. ಸಂಜೆಯವರೆಗೂ ಗಿರಣಿ ಓಡಿತು, ಸಂಜೆಯವರೆಗೂ ಕಿರುಚಿದಳು. ಹೊರಗೆ ನಿಂತವರಿಗೆ ಗಿರಣಿಯ ಸದ್ದೊಂದೇ ಕೇಳಿಸಿತು.

ನನಗೆ ಅಲ್ಲೇ ತಿಳಿಯಿತು. ಆರು ವರ್ಷದಿಂದ ತಿಳಿಯದೆ ಇದ್ದದ್ದು ತಿಳಿಯಿತು. ಆ ಬೆಳಗ್ಗೆ ನಾನು ರೊಟ್ಟಿ ಮಾಡಿದ್ದು ಹಸಿವಿಗಲ್ಲ, ಯಾರಿಗೂ ಬಡಿಸಲಿಕ್ಕಲ್ಲ. ಬಡಿಯಲಿಕ್ಕೆ. ಅಂಗೈ ಕೆಂಪಾಗುವಂತೆ, ಪಕ್ಕದ ಮನೆಗೆ ಕೇಳುವಂತೆ, ಏನನ್ನಾದರೂ ಬಡಿಯಲಿಕ್ಕೆ. ನನಗೆ ಗಿರಣಿ ಇರಲಿಲ್ಲ, ರೊಟ್ಟಿ ಬಡಿಯುವ ಕೊಣಮಿಗೆ ಇತ್ತು.

ನಾನು ಗಟ್ಟಿ ಹೆಂಗಸಲ್ಲ. ಎಲ್ಲೂ ಇಲ್ಲದ ಒಬ್ಬ ಗಂಗವ್ವ ಬಂದು ಅದನ್ನು ಹೇಳಬೇಕಾಯಿತು. ಮನೆಯವರು ಯಾರೂ ಹೇಳಲಿಲ್ಲ.

ಕಣ್ಣಿಂದ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಸುಮೈರಾ ನೋಡಿ ನಿಲ್ಲಿಸಿದಳು. "ನಿಂತ್ರೆ ನೋಡು" ಎಂದು ಗದರಿದೆ. ಅವಳು ಓದಿದಳು. ಮುಂದಿನ ಹಾಳೆಗಳ ತುಂಬ ಗಂಗವ್ವ ಜಗಳ ಆಡಿದಳು. ಸಮಾಧಾನ ಹೇಳಲು ಬಂದವರನ್ನು ಜಗಲಿಯಿಂದ ಎಬ್ಬಿಸಿ ಕಳಿಸಿದಳು. ಪುಟ್ಟಿಯ ಲಂಗವನ್ನು ಗಿರಣಿಯ ಮೊಳೆಗೆ ತೂಗುಹಾಕಿದಳು, ಅದರ ಮೇಲೆ ಹಿಟ್ಟಿನ ದೂಳು ಕೂತು ಬೆಳ್ಳಗಾಯಿತು. ಒಂದು ದಿನ ಅವಳ ಅಣ್ಣನೇ ಬಂದು, ಇದನ್ನು ನೋಡುತ್ತಾ ಎಷ್ಟು ದಿನ ಕೊರಗುತ್ತೀಯ ಎಂದು ಲಂಗಕ್ಕೆ ಕೈ ಹಾಕಿದ. ಗಂಗವ್ವ ಕಾಳು ಅಳೆಯುವ ಸೇರು ತೆಗೆದುಕೊಂಡು ಅವನ ಕೈ ಮೇಲೆ ಬಾರಿಸಿದಳು.

"ಇನ್ನೊಂದು ಹಾಕು!" ಎಂದು ನಾನು ಕೂಗಿದೆ.

ಕೂಗಿದವಳು ನಗತೊಡಗಿದೆ. ನಕ್ಕು ನಕ್ಕು ಅತ್ತೆ. ಅಳುತ್ತಾ ಮತ್ತೆ ನಕ್ಕೆ. ಎಂಥ ಸುಖ ಅದು! ಕಾಳವ್ವ ಬಟ್ಟೆ ಗಂಟು ಕಟ್ಟಿದ ದಿನ ನಾನು ಮಾಡದೆ ಉಳಿದದ್ದನ್ನು ಗಂಗವ್ವ ಮಾಡಿ ಮುಗಿಸಿದ್ದಳು. ನಿಖತ್ ಕೂಡ ಅಳುತ್ತಾ, "ಹಾಕು, ಇನ್ನೊಂದು ಹಾಕು" ಎಂದಳು. ಬಾಗಿಲಲ್ಲಿ ಖಾಜಾ ಸಾಹೇಬರು ನಿಂತಿದ್ದರು. ಚೀಲ ನೋಡಲು ಬಂದವರು, ಚೀಲ ನೋಡದೆ ಹೋದರು.

ಅವತ್ತಿನ ಓದು ಮುಗಿದಾಗ ಸುಮೈರಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ತಪ್ಪಾಯ್ತು ಓಬಕ್ಕ. ನಾವು ನಿನ್ನ..."

"ಒಳ್ಳೇದಕ್ಕೆ ಅಂದ್ರೆ ಈ ಜರಡಿ ನಿನ್ನ ತಲೆ ಮ್ಯಾಲೆ ಬೀಳ್ತೈತೆ."

ನಸೀಮಕ್ಕ ಮಂಡಕ್ಕಿಯಲ್ಲಿ ಬೆರಳಾಡಿಸಿದಳು. ಆಮೇಲೆ, ನನ್ನನ್ನು ನೋಡದೆ, "ಹೆಂಗಿದ್ಲು ನಿನ್ನ ಹುಡುಗಿ?" ಎಂದಳು.

ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಹೆಂಗಿದ್ಲು ಅಂದ್ರೆ? ನನ್ನಂಗೇ ಇದ್ಲು. ಸಿಟ್ಟಿನ ಗಂಟು. ತಲೆ ಬಾಚಾಕೆ ಹೋದ್ರೆ ಕಚ್ಚಿಬಿಡೋಳು." ಎಲ್ಲರೂ ನಕ್ಕರು. ನಾನು ಹೇಳಿದೆ. ಶಾಲೆಯಿಂದ ಬಂದವಳೇ ಚೀಲ ಎಸೆದು, ಅವತ್ತು ನಡೆದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು, ಬರೀ ಹೇಳುವುದಲ್ಲ, ಮೇಷ್ಟ್ರ ದನಿ ಬೇರೆ, ಬಿಸಿಯೂಟದ ಅಮ್ಮನ ದನಿ ಬೇರೆ, ಎಲ್ಲಾ ತಾನೇ ಮಾಡುತ್ತಿದ್ದಳು. ನಾನು ಒಲೆ ಕಡೆ ತಿರುಗಿದರೆ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಒಂದು ಸಲ ಮೇಷ್ಟ್ರು ಬಾಗಿಲಲ್ಲಿ ನಿಂತದ್ದು ನೋಡದೆ, ತರಗತಿಯಲ್ಲಿ ಅವರ ಹಾಗೆಯೇ ಮೂಗು ಏರಿಸಿ ಮಾತಾಡಿದ್ದಳು.

ಅಲ್ಲಿಗೆ ಬಂದಾಗ ನನ್ನ ಕೈ ಖಾಲಿ ಇದ್ದದ್ದು ಗೊತ್ತಾಯಿತು. ಎಷ್ಟು ಹೊತ್ತಾಗಿತ್ತೋ. ತಿರುಗಿ ನೋಡಿದರೆ ನನ್ನ ಚೀಲದ ಬಾಯಿಯನ್ನು ನಿಖತ್ ಹಿಡಿದಿದ್ದಳು, ಸುಮೈರಾ ಅದಕ್ಕೆ ಮಂಡಕ್ಕಿ ತುಂಬುತ್ತಿದ್ದಳು. ತುಂಬಿದ ಇನ್ನೊಂದನ್ನು ನಸೀಮಕ್ಕ ದಬ್ಬಣದಿಂದ ಹೊಲಿಯುತ್ತಿದ್ದಳು. ಯಾರೂ ಯಾರಿಗೂ ಹೇಳಿರಲಿಲ್ಲ.

"ಪುಡಿ ಸೇರಿಸಿ ತುಂಬಬ್ಯಾಡ್ರೇ, ನನ್ನ ಹೆಸರು ಕೆಡ್ತೈತೆ" ಎಂದು ಬಯ್ದೆ.

ಸುಮೈರಾ ತಲೆಯೆತ್ತಲಿಲ್ಲ, ತುಂಬುವುದನ್ನೂ ಬಿಡಲಿಲ್ಲ. "ಚೀಲ ನಾವು ನೋಡ್ಕೊಂತೀವಿ. 'ಮೇಷ್ಟ್ರು ಬಾಗಿಲಾಗೆ ನಿಂತಿದ್ರು' ಅಂದ್ಯಲ್ಲ" ಎಂದಳು. "ಆಮ್ಯಾಲೆ ಏನ್ ಮಾಡಿದ್ಲು ಸುಧಾ?"